'ಓದುತ್ತಿದ್ದೆ' ಅನ್ನೋ ಪದದೊಳಗೆ ಸಿಕ್ಕ 'ವಾಸ್'

ಇಂಗ್ಲಿಷಿನಲ್ಲಿ ಹಿಂದೊಮ್ಮೆ ನಡೆಯುತ್ತಿದ್ದ ಕೆಲಸವನ್ನು ಹೇಳುವ ಪಾಸ್ಟ್ ಕಂಟಿನ್ಯೂಯಸ್ ಅಂದರೆ ವಾಸ್ ಅಥವಾ ವರ್, ಆಮೇಲೆ ಐಎನ್‌ಜಿ ಹಚ್ಚಿದ ಕ್ರಿಯಾಪದ. ಇಷ್ಟು ನನಗೆ ಬಹಳ ಹಿಂದೆಯೇ ಗೊತ್ತಿತ್ತು. ಆದರೆ ಮಾತಾಡುವಾಗ 'ಐ ವಾಸ್ ರೈಟಿಂಗ್' ವರೆಗೆ ಬಂದು ನಿಂತುಬಿಡುತ್ತಿದ್ದೆ. ಏನು ಬರೆಯುತ್ತಿದ್ದೆ, ಎಲ್ಲಿ ಕೂತು ಬರೆಯುತ್ತಿದ್ದೆ, ಯಾವಾಗ ಬರೆಯುತ್ತಿದ್ದೆ? ಇವನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನೋದೇ ಹೊಳೆಯುತ್ತಿರಲಿಲ್ಲ. ಒಮ್ಮೆ ಮೀಟಿಂಗಿನಲ್ಲಿ 'ಐ ವಾಸ್ ಚೆಕಿಂಗ್ ಇನ್ ದ ಮಾರ್ನಿಂಗ್ ದ ರಿಪೋರ್ಟ್' ಅಂದೆ. ಎದುರಿಗಿದ್ದವರು ಅದನ್ನೇ ಸರಿಪಡಿಸಿ ಹೇಳಿ ಮಾತು ಮುಂದುವರಿಸಿದರು. ಪದಗಳೆಲ್ಲ ಸರಿಯಿದ್ದವು, ಜಾಗ ತಪ್ಪಿತ್ತು. ಅವತ್ತು ರಾತ್ರಿಯೇ ನೋಟ್‌ಬುಕ್ ತೆಗೆದು ಕೂತೆ.

ಮೊದಲು ಕನ್ನಡದ ಪದವನ್ನೇ ಒಡೆದು ನೋಡಿದೆ. ಓದುತ್ತಿದ್ದೆ ಅಂದರೆ ಓದುತ್ತ, ಇದ್ದೆ. ಆ 'ಇದ್ದೆ'ಯೇ ವಾಸ್. ಆ 'ಓದುತ್ತ'ವೇ ರೀಡಿಂಗ್. ಎರಡೂ ಭಾಷೆಯಲ್ಲಿ ಅವೇ ಎರಡು ತುಂಡು, ಹಿಂದುಮುಂದಾಗಿವೆ ಅಷ್ಟೇ. ಇದು ಕಂಡಾಗ ತುಂಬಾ ಖುಷಿಯಾಯಿತು. ಒಂದು ಕಡೆ ಮಾತ್ರ ಎಚ್ಚರ ಬೇಕು. 'ಮೇಷ್ಟ್ರು ಬರೆಯುತ್ತಿದ್ದರು' ಅನ್ನುವಾಗ ಆ 'ಇದ್ದರು' ಗೌರವಕ್ಕೆ ಬಂದದ್ದು. ಮೇಷ್ಟ್ರು ಒಬ್ಬರೇ ಆದ್ದರಿಂದ ಇಂಗ್ಲಿಷಿನಲ್ಲಿ ವಾಸ್, ವರ್ ಅಲ್ಲ.

ಆಮೇಲೆ ಒಂದು ಪೂರ್ತಿ ವಾಕ್ಯ ಬರೆದೆ. 'ನಾನು ನಿನ್ನೆ ಸಂಜೆ ಲೈಬ್ರರಿಯಲ್ಲಿ ಪತ್ರ ಬರೆಯುತ್ತಿದ್ದೆ.' 'ನಾನು' ಇದ್ದಲ್ಲೇ ಇರಲಿ ಎಂದು ಬಿಟ್ಟು, ಉಳಿದದ್ದನ್ನು ಕೊನೆಯಿಂದ ಓದಿಕೊಂಡು ಬಂದೆ. ಬರೆಯುತ್ತಿದ್ದೆ, ಪತ್ರ, ಲೈಬ್ರರಿಯಲ್ಲಿ, ನಿನ್ನೆ ಸಂಜೆ. ಅದೇ ಕ್ರಮದಲ್ಲಿ ಇಂಗ್ಲಿಷ್ ಮಾಡಿದರೆ 'ಐ ವಾಸ್ ರೈಟಿಂಗ್ ಎ ಲೆಟರ್ ಇನ್ ದ ಲೈಬ್ರರಿ ಯೆಸ್ಟರ್ಡೇ ಈವ್ನಿಂಗ್.' ಒಂದು ಪದವನ್ನೂ ಅತ್ತಿತ್ತ ಸರಿಸಬೇಕಾಗಲಿಲ್ಲ. ಪದದ ಒಳಗೂ ಇದೇ ಆಟ. ಲೈಬ್ರರಿಯ ಹಿಂದೆ ಅಂಟಿಕೊಂಡಿದ್ದ 'ಅಲ್ಲಿ', ಇಂಗ್ಲಿಷಿನಲ್ಲಿ 'ಇನ್' ಆಗಿ ಅದರ ಮುಂದೆ ಬಂದು ನಿಲ್ಲುತ್ತದೆ.

ಇಂಗ್ಲಿಷಿನಲ್ಲಿ ಪದದ ಜಾಗ ಇಷ್ಟು ಮುಖ್ಯ ಯಾಕೆ ಅನ್ನೋದು ತಿಳಿದ ಮೇಲೆ ನನ್ನ ತಪ್ಪು ನಿಜವಾಗಿ ಕಡಿಮೆಯಾಯಿತು. 'ಹುಡುಗ ನಾಯಿಯನ್ನು ಅಟ್ಟಿಸುತ್ತಿದ್ದ' ಅನ್ನಿ, 'ನಾಯಿಯನ್ನು ಹುಡುಗ ಅಟ್ಟಿಸುತ್ತಿದ್ದ' ಅನ್ನಿ, ಓಡುತ್ತಿರುವುದು ನಾಯಿಯೇ. 'ಅನ್ನು' ಇದೆಯಲ್ಲ, ಅದು ಕಾಯುತ್ತದೆ. ಇಂಗ್ಲಿಷಿನ ನಾಮಪದಕ್ಕೆ ಆ ಕಾವಲು ಇಲ್ಲ. 'ದ ಬಾಯ್ ವಾಸ್ ಚೇಸಿಂಗ್ ದ ಡಾಗ್' ಅನ್ನುವುದರಲ್ಲಿ ಬಾಯ್, ಡಾಗ್ ಜಾಗ ಬದಲಾದರೆ ಕಥೆಯೇ ಬದಲಾಗುತ್ತದೆ. ಅಂದರೆ ಅಲ್ಲಿ ಕ್ರಿಯಾಪದದ ಪಕ್ಕದ ಜಾಗವೇ 'ಅನ್ನು'. ಹಾಗಾಗಿ ಆ ಜಾಗವನ್ನು ಕರ್ಮಕ್ಕೇ, ಅಂದರೆ ಇಲ್ಲಿನ ನಾಯಿಯ ಹಾಗೆ ಕೆಲಸ ಯಾವುದರ ಮೇಲೆ ನಡೆಯುತ್ತದೋ ಆ ಪದಕ್ಕೇ ಬಿಡಬೇಕು, ನಡುವೆ 'ಇನ್ ದ ಮಾರ್ನಿಂಗ್' ತೂರಿಸಬಾರದು. ಕರ್ಮ ತುಂಬಾ ಉದ್ದವಾಗಿದ್ದರೆ ಇಂಗ್ಲಿಷಿನವರೇ ಅದನ್ನು ಕೊನೆಗೆ ಸರಿಸುವುದುಂಟು. ಕಲಿಯುವಾಗ ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಜಾಸ್ತಿ ಕಾಲ ಹಿಡಿದದ್ದು ಬೇರೆ. ಯಾವ ಕ್ರಿಯಾಪದಕ್ಕೆ ನೇರವಾಗಿ ಕರ್ಮ, ಯಾವುದಕ್ಕೆ ನಡುವೆ ಪ್ರಿಪೊಸಿಶನ್ (ಇನ್, ಟು, ಫಾರ್ ತರಹದ ಪುಟ್ಟ ಪದ) ಅನ್ನೋದನ್ನು ಕನ್ನಡದ ಪ್ರತ್ಯಯ ನೋಡಿ ಊಹಿಸಲು ಆಗುವುದಿಲ್ಲ. ನಾವು ಸುಮ್ನೆ 'ರೇಡಿಯೋ ಕೇಳುತ್ತಿದ್ದೆ' ಅನ್ನುತ್ತೇವೆ. ಅಲ್ಲಿ 'ಲಿಸನಿಂಗ್ ಟು ದ ರೇಡಿಯೋ', ಆ 'ಟು' ಬಿಡುವ ಹಾಗಿಲ್ಲ. 'ಅವನನ್ನು ಕಾಯುತ್ತಿದ್ದೆ' ಅನ್ನೋದು 'ವೇಟಿಂಗ್ ಫಾರ್ ಹಿಮ್'. ಕೆಲವು ಕಡೆ ಇದರ ಉಲ್ಟಾ. 'ಪ್ಲಾನ್ ಬಗ್ಗೆ ಚರ್ಚಿಸುತ್ತಿದ್ದೆವು' ಎಂದು ಯೋಚಿಸಿ 'ಡಿಸ್ಕಸಿಂಗ್ ಅಬೌಟ್' ಅಂದುಬಿಡುತ್ತಿದ್ದೆ. 'ವಿ ವರ್ ಡಿಸ್ಕಸಿಂಗ್ ದ ಪ್ಲಾನ್', ಅಷ್ಟೇ ಸಾಕು. 'ಅವನಿಗೆ ಹೇಳುತ್ತಿದ್ದೆ' ಅನ್ನುವಾಗಲೂ 'ಟೆಲಿಂಗ್ ಹಿಮ್', ನಡುವೆ 'ಟು' ಇಲ್ಲ. 'ಲುಕಿಂಗ್' ಅಂತೂ ಪಕ್ಕದಲ್ಲಿ ಯಾರು ಬಂದರು ಅನ್ನೋದರ ಮೇಲೆ ಅರ್ಥವನ್ನೇ ಬದಲಿಸುತ್ತದೆ. 'ಅಟ್' ಬಂದರೆ ನೋಡುತ್ತಿದ್ದೆ, 'ಫಾರ್' ಬಂದರೆ ಹುಡುಕುತ್ತಿದ್ದೆ, 'ಆಫ್ಟರ್' ಬಂದರೆ ನೋಡಿಕೊಳ್ಳುತ್ತಿದ್ದೆ. ಅದಕ್ಕೇ ಕ್ರಿಯಾಪದವನ್ನು ಒಂಟಿಯಾಗಿ ಬರೆದಿಡುವುದನ್ನು ನಿಲ್ಲಿಸಿದೆ. ಜೊತೆಗಾರನ ಸಮೇತ, 'ವಾಸ್ ವೇಟಿಂಗ್ ಫಾರ್' ಎಂದು ಇಡೀ ತುಂಡನ್ನೇ ಬರೆಯತೊಡಗಿದೆ.

ಕನ್ನಡ ಚೆನ್ನಾಗಿ ಕೈಹಿಡಿದ ಜಾಗವೂ ಇದೆ. 'ಕೋಣೆಯಲ್ಲಿ ಓಡುತ್ತಿದ್ದ' ಮತ್ತು 'ಕೋಣೆಯೊಳಕ್ಕೆ ಓಡುತ್ತಿದ್ದ' ಬೇರೆ ಬೇರೆ ಅಲ್ವಾ? ಮೊದಲನೆಯದು 'ಇನ್ ದ ರೂಮ್', ಎರಡನೆಯದು 'ಇಂಟು ದ ರೂಮ್'. ಇನ್ ಮತ್ತು ಇಂಟು ನಡುವೆ ಗೊಂದಲವಾದಾಗ ಈಗಲೂ ನಾನು ಆ 'ಕ್ಕೆ' ಹಾಕಿ ನೋಡುತ್ತೇನೆ.

ಎರಡು ಕಡೆ ಮಾತ್ರ ಕನ್ನಡವನ್ನು ನಂಬಿ ಎಡವಿದೆ. ನಮ್ಮ 'ಈಜುತ್ತಿದ್ದೆ' ರೂಢಿಗೂ ಆಗುತ್ತದೆ. 'ಚಿಕ್ಕವನಿದ್ದಾಗ ದಿನಾ ಕೆರೆಯಲ್ಲಿ ಈಜುತ್ತಿದ್ದೆ' ಅನ್ನುವಾಗ 'ವಾಸ್ ಸ್ವಿಮಿಂಗ್' ಹೊಂದುವುದಿಲ್ಲ, 'ಯೂಸ್ಡ್ ಟು ಸ್ವಿಮ್' ಬೇಕು. ಇನ್ನೊಂದು, ಗೊತ್ತಿರುವುದು ಅನ್ನೋ ಅರ್ಥದ 'ನೋ', ಬೇಕು ಅನ್ನೋ ಅರ್ಥದ 'ವಾಂಟ್' ತರಹದ ಪದಗಳು. 'ಐ ವಾಸ್ ನೋಯಿಂಗ್' ಅನ್ನುವುದಿಲ್ಲ, ನೇರವಾಗಿ 'ಐ ನ್ಯೂ'.

ರಾತ್ರಿ ಮಲಗುವ ಮುಂಚೆ ಐದು ವಾಕ್ಯ ಬರೆಯುವ ರೂಢಿ ಮಾಡಿಕೊಂಡೆ. ಫೋನ್ ಬಂದಾಗ ಏನು ಮಾಡುತ್ತಿದ್ದೆ, ಮಳೆ ಶುರುವಾದಾಗ ಎಲ್ಲಿ ನಡೆಯುತ್ತಿದ್ದೆ, ಇಂಥವು. ಪ್ರತಿಯೊಂದರಲ್ಲೂ ಒಂದು ಕರ್ಮವೋ ಒಂದು ಜಾಗವೋ ಇರಲೇಬೇಕು. ಬರೆದದ್ದನ್ನು ಜೋರಾಗಿ ಓದುತ್ತಿದ್ದೆ. ಒಂದು ರಾತ್ರಿ 'ಷಿ ವಾಸ್ ಪೇಂಟಿಂಗ್ ದ ಚೇರ್ ಇನ್ ದ ಗಾರ್ಡನ್' ಎಂದು ಬರೆದು ಅಲ್ಲೇ ನಿಂತೆ. ಅವಳು ತೋಟದಲ್ಲಿ ಕೂತು ಕುರ್ಚಿಗೆ ಬಣ್ಣ ಹಚ್ಚುತ್ತಿದ್ದಳೋ, ತೋಟದಲ್ಲಿರುವ ಕುರ್ಚಿಗೆ ಹಚ್ಚುತ್ತಿದ್ದಳೋ? ಕನ್ನಡದಲ್ಲಿ 'ತೋಟದಲ್ಲಿ', 'ತೋಟದಲ್ಲಿರುವ' ಎಂದು ಬೇರೆ ಮಾಡಬಹುದು. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಸಾಲು. ಜಾಗವನ್ನೇ ಮೊದಲಿಗೆ ತಂದು 'ಇನ್ ದ ಗಾರ್ಡನ್, ಷಿ ವಾಸ್ ಪೇಂಟಿಂಗ್ ದ ಚೇರ್' ಎಂದು ತಿದ್ದಿ ಬರೆದೆ. ಈಗ ತೋಟದಲ್ಲಿ ಇದ್ದದ್ದು ಅವಳೇ.