ಬಟನ್ ಇತ್ತು, ಹಿಡಿತ ಇರಲಿಲ್ಲ

ನಾನು ತೀರ್ಥಹಳ್ಳಿಯಲ್ಲಿ ಬಾಡಿಗೆ ಕಾರು ಓಡಿಸಲು ಶುರು ಮಾಡಿದ್ದು 1986ರಲ್ಲಿ. ಹಳೇ ಅಂಬಾಸಡರ್, ಗೇರ್ ಸ್ಟೀರಿಂಗ್ ಪಕ್ಕದಲ್ಲೇ. ಮಳೆಗಾಲದ ಬಾಡಿಗೆ ಅಂದರೆ ಹೆಚ್ಚಾಗಿ ಮಣಿಪಾಲದ ಆಸ್ಪತ್ರೆಗೆ. ಹೊತ್ತಲ್ಲದ ಹೊತ್ತಲ್ಲಿ ಬಂದು ಕದ ತಟ್ಟುತ್ತಿದ್ದರು. ಇಲ್ಲ ಅನ್ನುವ ಹಾಗಿರಲಿಲ್ಲ. ಹೋಗುವುದು ಆಗುಂಬೆ ಘಾಟಿ ಇಳಿದು. ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು ಆಗುಂಬೆ. ಮಂಜು ಬೇರೆ. ರಸ್ತೆ ಅಂಚಿನಲ್ಲಿ ಪಾಚಿ, ಅದರ ಮೇಲೆ ಕೊಳೆತ ಎಲೆ.

ಆಗ ನಮಗೆ ಸಿಗುತ್ತಿದ್ದದ್ದು ನೈಲಾನ್ ಟೈರು. ಅಂಬಾಸಡರ್‌ಗೆ 5.90-15 ಸೈಜು, ಒಳಗೆ ಟ್ಯೂಬು. ನೈಲಾನ್ ದಾರವನ್ನು ಅಡ್ಡಡ್ಡ, ಒಂದರ ಮೇಲೊಂದು ಓರೆಯಾಗಿ ಹಾಸಿ ಮಾಡಿದ ಟೈರು. ರಾತ್ರಿಯಿಡೀ ನಿಂತರೆ ನೆಲಕ್ಕೆ ತಾಗಿದ ಜಾಗ ಚಪ್ಪಟೆ ಆಗಿಬಿಡುತ್ತಿತ್ತು. ಬೆಳಿಗ್ಗೆ ಹೊರಟರೆ ಒಂದೆರಡು ಕಿಲೋಮೀಟರ್ ಕಾರು ದಡದಡ ಅಂತ ಕುಣಿಯುತ್ತಿತ್ತು. ಬಿಸಿ ಏರಿದ ಮೇಲೆ ತಾನೇ ಸರಿಹೋಗುತ್ತಿತ್ತು. ಆ ಕಾಲದ ಡ್ರೈವರುಗಳಿಗೆಲ್ಲ ಇದು ಗೊತ್ತು.

ಆ ಟೈರುಗಳಲ್ಲಿ ಒಂದು ಒಳ್ಳೆಯ ಗುಣವೂ ಇತ್ತು. ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯೇ. ಆದರೆ ಹೇಳದೆ ಕೇಳದೆ ಜಾರುತ್ತಿರಲಿಲ್ಲ. ತಿರುವಿನಲ್ಲಿ ಟೈರು ಮೊದಲು ಸ್ವಲ್ಪ ಹೊರಳುತ್ತಿತ್ತು, ಆಮೇಲೆ ನಿಧಾನಕ್ಕೆ ಸರಿಯುತ್ತಿತ್ತು. ಸೀಟಿನಲ್ಲಿ ಕೂತವನ ಸೊಂಟಕ್ಕೆ ಅದು ಮೊದಲೇ ತಿಳಿಯುತ್ತಿತ್ತು. ಆ ಸೂಚನೆಯನ್ನು ನಂಬಿಕೊಂಡೇ ನಾನು ಐದು ಮಳೆಗಾಲ ಕಳೆದೆ.

1991ರ ಜುಲೈ. ಗುಡ್ಡೇಕೇರಿ ಕಡೆಯ ಒಂದು ಮನೆಯವರು, ಅಜ್ಜಿ, ಮಗ, ಸೊಸೆ, ಸೊಸೆಯ ಮಡಿಲಲ್ಲಿ ಜ್ವರ ಬಂದ ಮಗು. ದಾರಿಯಲ್ಲಿ ಹಿಂದಿನ ಎಡಗಾಲಿ ಪಂಕ್ಚರ್. ಸುರಿಯುವ ಮಳೆಯಲ್ಲೇ ಸ್ಟೆಪ್ನಿ ಹಾಕಿದೆ. ಒಳ್ಳೆಯ ಸ್ಟೆಪ್ನಿ ಅದು. ಕಾರಿನ ಹಿಂದಿನ ಯಜಮಾನರು ಅಟ್ಟದಲ್ಲಿ ಇಟ್ಟಿದ್ದದ್ದನ್ನು ನನಗೆ ಕೊಟ್ಟಿದ್ದರು. ಬಟನ್, ಅಂದರೆ ಟೈರಿನ ಮೈಮೇಲಿನ ಉಬ್ಬು ಅಚ್ಚು, ಒಂಚೂರೂ ಸವೆದಿರಲಿಲ್ಲ. ಹೊಸ ಟೈರಿನ ಮೈಮೇಲೆ ಸಣ್ಣ ರಬ್ಬರ್ ಕೂದಲು ಇರುತ್ತದಲ್ಲ, ಅದೂ ಹಾಗೇ ಇತ್ತು. ಉಳಿದ ಮೂರು ಗಾಲಿಗಳದ್ದು ಅರ್ಧಕ್ಕಿಂತ ಹೆಚ್ಚು ಸವೆದಿತ್ತು. ಈಗ ಒಂದಾದರೂ ಗಟ್ಟಿ ಟೈರು ಬಿತ್ತು ಅಂದುಕೊಂಡೇ ಘಾಟಿಗೆ ಇಳಿದೆ.

ಮೂರು ತಿರುವು ದಾಟಿದ್ದೆವು. ಮುಂದಿನದು ಬಲಕ್ಕೆ. ವೇಗ 20 ಇದ್ದಿರಬೇಕು. ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿ ಕ್ಲಚ್ ಬಿಟ್ಟೆ. ಅಷ್ಟೇ. ಹಿಂಭಾಗ ಎಡಕ್ಕೆ ಎಸೆದ ಹಾಗೆ ಹೋಯಿತು. ಹೊರಳಲಿಲ್ಲ, ಸರಿಯಲಿಲ್ಲ, ಸೊಂಟಕ್ಕೆ ಸುಳಿವೇ ಕೊಡಲಿಲ್ಲ. ಕ್ಲಚ್ ಒತ್ತಿ ಸ್ಟೀರಿಂಗನ್ನು ಎಡಕ್ಕೇ ತಿರುಗಿಸಿದೆ. ಕಾರು ಒಮ್ಮೆ ಕುಲುಕಿ ನಿಂತಿತು. ಇಳಿದು ನೋಡಿದರೆ ಹಿಂದಿನ ಎಡಗಾಲಿಗೂ ತಡೆಗೋಡೆಗೂ ನಡುವೆ ಒಂದು ಗೇಣು. ಒಳಗಿನಿಂದ ಅಜ್ಜಿ ಕೇಳಿದರು, "ಏನಾಯ್ತು ತಮ್ಮಾ?" "ಏನಿಲ್ಲ ಅಮ್ಮ, ಸ್ವಲ್ಪ ಕೆಸರು" ಅಂದೆ. ಅಲ್ಲಿಂದ ಸೋಮೇಶ್ವರದವರೆಗೆ ನಡೆಯುವ ಮನುಷ್ಯನ ಹಾಗೆ ಇಳಿದೆ.

ಮಾರನೇ ದಿನ ಊರಿನ ಟೈರ್ ಅಂಗಡಿಗೆ ಹೋದೆ. ಅಲ್ಲಿದ್ದ ಹಿರಿಯರನ್ನು ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಬ್ರೇಕ್ ಹಿಡಿದಿರಬೇಕು ಕಾಕಾ ಅಂದೆ. ಅವರು ಬ್ರೇಕ್ ಕಡೆ ನೋಡಲೇ ಇಲ್ಲ. ಆ ಸ್ಟೆಪ್ನಿ ಹತ್ತಿರ ಕುಕ್ಕರುಗಾಲಲ್ಲಿ ಕೂತು, "ಬಟನ್ ನೋಡಿ ಮೋಸ ಹೋದೆಯಲ್ಲೋ ಮಾರಾಯ, ಉಗುರು ಒತ್ತಿ ನೋಡು" ಅಂದರು.

ಮೊದಲು ಮುಂದಿನ ಸವೆದ ಟೈರಿಗೆ ಹೆಬ್ಬೆರಳ ಉಗುರು ಒತ್ತಿದೆ. ಉಗುರು ಒಳಗೆ ಇಳಿಯಿತು. ತೆಗೆದರೆ ಅರ್ಧಚಂದ್ರದ ಗುರುತು, ನೋಡನೋಡುತ್ತಿದ್ದ ಹಾಗೆ ಮೆಲ್ಲಗೆ ಮುಚ್ಚಿಕೊಂಡಿತು. ಆಮೇಲೆ ಸ್ಟೆಪ್ನಿಗೆ ಒತ್ತಿದೆ. ತೆಂಗಿನ ಚಿಪ್ಪಿಗೆ ಒತ್ತಿದ ಹಾಗೆ. ಉಗುರೇ ಮಡಚಿತು. ಕಾಕಾ ಬಟನ್‌ಗಳ ನಡುವಿನ ಸಂದಿಯನ್ನು ಬೆರಳಲ್ಲಿ ಅಗಲಿಸಿ ತೋರಿಸಿದರು. ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಬೇಸಿಗೆಯ ಗದ್ದೆಯ ಹಾಗೆ. ಹತ್ತು ವರ್ಷ ಹಂಚಿನ ಕೆಳಗಿನ ಬಿಸಿಯಲ್ಲಿ ಇದ್ದ ಟೈರು ಓಡದೆಯೇ ಮುದಿಯಾಗಿತ್ತು.

ಬಟನ್ ಇರುವುದು ನೀರನ್ನು ಆಚೆ ದೂಡಲು. ಬಯಲಿಗೆ ಇಳಿದು ಹೆಬ್ರಿ ದಾಟಿ 70, 80ರಲ್ಲಿ ಓಡುವಾಗ ಅದು ಬೇಕೇ ಬೇಕು. ಇಲ್ಲದಿದ್ದರೆ ಟೈರು ನಿಂತ ನೀರಿನ ಮೇಲೆ ತೇಲುತ್ತದೆ. ಗಾಳಿ ಕಡಿಮೆ ಇದ್ದರೆ ಇನ್ನೂ ಬೇಗ. ಆದರೆ ಘಾಟಿಯ 20ರ ವೇಗದಲ್ಲಿ ತೇಲುವ ಮಾತೇ ಇಲ್ಲ. ಅಲ್ಲಿ ಕೆಲಸ ರಬ್ಬರಿನದು. ಮೆತ್ತಗಿನ ರಬ್ಬರು ಡಾಂಬರಿನ ಜಲ್ಲಿಯ ಏರುತಗ್ಗಿಗೆ ಒತ್ತಿಕೊಂಡು ಅದನ್ನು ಕಚ್ಚುತ್ತದೆ. ಗಟ್ಟಿಯಾದದ್ದು ಮೇಲೆ ಮೇಲೆ ಜಾರುತ್ತದೆ. ಅದರ ಜೊತೆ ಇಳಿಜಾರಿನಲ್ಲಿ ಕಾರಿನ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಅಂಬಾಸಡರ್‌ನಲ್ಲಿ ಎಂಜಿನ್ ಎಳೆದು ಹಿಡಿಯುವುದು ಹಿಂದಿನ ಗಾಲಿಯನ್ನೇ. ಬಲ ತಿರುವಿನಲ್ಲಿ ಹಿಂಭಾಗವನ್ನು ಆತುಕೊಳ್ಳಬೇಕಾದದ್ದು ಹೊರಗಿನ ಎಡಗಾಲಿ. ನಾನು ಕಲ್ಲಿನಂಥ ಟೈರನ್ನು ಸರಿಯಾಗಿ ಅಲ್ಲಿಗೇ ಹಾಕಿದ್ದೆ.

ಅದಾದ ನಾಲ್ಕು ವರ್ಷಕ್ಕೆ ರೇಡಿಯಲ್ ಟೈರು ಕೊಂಡೆ, ದಾರವನ್ನು ಓರೆಯಾಗಿ ಅಲ್ಲ, ಅಂಚಿನಿಂದ ಅಂಚಿಗೆ ನೇರವಾಗಿ ಹಾಸಿದ್ದು. ದುಡ್ಡು ಎರಡಕ್ಕೇ ಇತ್ತು. ಮುಂದೆ ಹಾಕಿಸಲು ಹೋದರೆ ಕಾಕಾ ಬೈದರು. ರೇಡಿಯಲ್ ಮುಂದೆ, ನೈಲಾನ್ ಹಿಂದೆ ಹಾಕಿದರೆ ಮುಂಭಾಗ ಹಿಡಿದುಕೊಳ್ಳುತ್ತದೆ, ಹಿಂಭಾಗ ಬಿಟ್ಟುಕೊಡುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ಹಿಂದೆಯೇ ಹಾಕಿಸಿದೆ. ಒದ್ದೆ ರಸ್ತೆಯಲ್ಲಿ ಆ ವ್ಯತ್ಯಾಸ ಬಾಯಲ್ಲಿ ಹೇಳಲಾಗದು. ಆದರೆ ರೇಡಿಯಲ್ ಬಿಟ್ಟಾಗ ಒಮ್ಮೆಲೇ ಬಿಡುತ್ತದೆ. ನೈಲಾನ್ ಕಾಲದ ಸೊಂಟದ ಲೆಕ್ಕ ಅದಕ್ಕೆ ನಡೆಯುವುದಿಲ್ಲ. ಅದನ್ನು ಹೊಸದಾಗಿ ಕಲಿಯಬೇಕಾಯಿತು.

ಈಗ ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ಮನೆಯ ಕಾರಿನ ಐದೂ ಟೈರು ನೋಡುತ್ತೇನೆ. ನಾಲ್ಕಲ್ಲ, ಐದು. ಬಟನ್ ಆಳ 1.6 ಮಿಲಿಮೀಟರ್‌ಗೆ ಇಳಿಯುವವರೆಗೆ ಓಡಿಸಬಹುದು ಅನ್ನುತ್ತದೆ ಕಾನೂನು. ನಮ್ಮ ಮಳೆಗೆ ಅದು ಸಾಲದು, 3ಕ್ಕೆ ಬಂದರೆ ನಾನು ಬದಲಾಯಿಸುತ್ತೇನೆ. ವಯಸ್ಸು ತಿಳಿಯಲು ಈಗ ಉಗುರು ಒಂದನ್ನೇ ನಂಬಬೇಕಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದರೆ ನಾನು ಮಳೆಗಾಲಕ್ಕೆ ಇಟ್ಟುಕೊಳ್ಳುವುದಿಲ್ಲ.

ಹೋದ ವರ್ಷ ಮಗನ ಕಾರಿನ ಡಿಕ್ಕಿಯಿಂದ ಸ್ಟೆಪ್ನಿ ಇಳಿಸಿದೆ. ಒಮ್ಮೆಯೂ ರಸ್ತೆ ಕಂಡಿರಲಿಲ್ಲ, ರಬ್ಬರ್ ಕೂದಲು ಹಾಗೇ ಇತ್ತು. "ಹೊಸದೇ ಇದೆಯಲ್ಲಪ್ಪಾ, ಸುಮ್ನೆ ಯಾಕೆ?" ಅಂದ ಮಗ. ಅಂಕಿ ನೋಡಿದರೆ 4114. ಅವನ ಕೈ ಹಿಡಿದು ಹೆಬ್ಬೆರಳ ಉಗುರನ್ನು ಅದರ ಮೇಲೆ ಒತ್ತಿಸಿದೆ.