ಪತ್ರಿಕಾ ಛಾಯಾಚಿತ್ರ ಸ್ಪರ್ಧೆಯ ತೀರ್ಪುಗಾರನಾಗಿ ನನ್ನ ಅನುಭವ

ಪತ್ರಿಕೆಗಳಿಗೆ ಚಿತ್ರ ತೆಗೆಯುತ್ತಲೇ ತಲೆ ನರೆತವನಿಗೆ ಬೇರೆಯವರ ಚಿತ್ರಗಳನ್ನು ತೂಗಿ ನೋಡುವುದು ಕಷ್ಟವೇನಲ್ಲ ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಸಾಮಾನ್ಯವಾಗಿದೆ. ರಾಜ್ಯಮಟ್ಟದ ಒಂದು ಪತ್ರಿಕಾ ಛಾಯಾಚಿತ್ರ ಸ್ಪರ್ಧೆಯ ತೀರ್ಪುಗಾರರ ಮಂಡಳಿಯಲ್ಲಿ ಕೆಲವು ವರ್ಷ ಕುಳಿತ ಮೇಲೆ ಆ ನಂಬಿಕೆ ನನ್ನಲ್ಲಿ ಉಳಿದಿಲ್ಲ. ಅಂಕಪಟ್ಟಿಯ ಸಹಾಯದಿಂದ ಚಿತ್ರಗಳನ್ನು ಹೊರಗಿಡಬಹುದೇ ಹೊರತು ಬಹುಮಾನದ ಚಿತ್ರವನ್ನು ಆರಿಸಲಾಗದು, ಆ ಆಯ್ಕೆ ತೀರ್ಪುಗಾರರು ಎದುರುಬದುರು ಕುಳಿತು ವಾದಿಸುವುದರಿಂದಲೇ ಆಗಬೇಕು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ನಮ್ಮ ಮಂಡಳಿ ಈ ಕೆಲಸವನ್ನು ಹೇಗೆ ಮಾಡಿತು ಎಂಬುದನ್ನು, ಮುಂದೆ ಇಂಥ ಹೊಣೆ ಹೊರುವವರಿಗೆ ಉಪಯೋಗವಾಗಬಹುದೆಂದು, ಇಲ್ಲಿ ಬರೆಯುತ್ತಿದ್ದೇನೆ.

ಕರ್ನಾಟಕದಲ್ಲಿ ಛಾಯಾಚಿತ್ರಗಳ ತೀರ್ಪು ಎಂದೊಡನೆ ನೆನಪಾಗುವುದು ಸ್ಯಾಲಾನ್ ಎಂಬ ಸ್ಪರ್ಧಾ ಪ್ರದರ್ಶನಗಳ ಪದ್ಧತಿ. 1971ರಲ್ಲಿ ಆರಂಭವಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಸ್ಥೆಗಳು ಈ ಪದ್ಧತಿಯನ್ನು ಇಲ್ಲಿ ಬಹಳ ಶಿಸ್ತಿನಿಂದ ಬೆಳೆಸಿವೆ. ಸ್ಯಾಲಾನ್‌ಗಳಲ್ಲಿ ಸಾಮಾನ್ಯವಾಗಿ ಮೂವರು ತೀರ್ಪುಗಾರರು ಪರದೆಯ ಮೇಲೆ ಮೂಡುವ ಪ್ರತಿ ಚಿತ್ರಕ್ಕೂ ಕೆಲವೇ ಸೆಕೆಂಡುಗಳಲ್ಲಿ ಅಂಕ ಕೊಡುತ್ತಾರೆ, ಮೂವರ ಅಂಕಗಳ ಮೊತ್ತವೇ ಚಿತ್ರದ ಭವಿಷ್ಯವನ್ನು ನಿರ್ಧರಿಸುತ್ತದೆ. ಸಾವಿರಾರು ಚಿತ್ರಗಳಿಂದ ನೂರಾರನ್ನು ಆರಿಸಿ ಪ್ರದರ್ಶನಕ್ಕಿಡಲು ಇದಕ್ಕಿಂತ ನ್ಯಾಯವಾದ ದಾರಿ ನನಗೆ ಗೊತ್ತಿಲ್ಲ. ಆದರೆ ಇದೇ ಲೆಕ್ಕವನ್ನು ಸುದ್ದಿಚಿತ್ರಗಳ ಅಂತಿಮ ಸುತ್ತಿಗೆ ತಂದಾಗ ಏನಾಗುತ್ತದೆ ನೋಡಿ. ಐದಕ್ಕೆ ನಾಲ್ಕರಂತೆ ಮೂವರೂ ಕೊಟ್ಟ ಚಿತ್ರಕ್ಕೆ ಹನ್ನೆರಡು ಅಂಕ. ಇಬ್ಬರು ಪೂರ್ತಿ ಐದು ಕೊಟ್ಟು ಮೂರನೆಯವರು ಎರಡಕ್ಕೆ ಇಳಿಸಿದ ಚಿತ್ರಕ್ಕೂ ಹನ್ನೆರಡೇ. ತೀರ್ಪುಗಾರರು ಐವರಾದರೆ ಅಂತರ ಇನ್ನೂ ವಿಚಿತ್ರವಾಗುತ್ತದೆ: ಎಲ್ಲರಿಗೂ ಪರವಾಗಿಲ್ಲ ಎನಿಸಿದ ಚಿತ್ರ ಇಪ್ಪತ್ತು ಅಂಕ ಪಡೆದು ಗೆಲ್ಲುತ್ತದೆ, ಮೂವರನ್ನು ಅಲುಗಾಡಿಸಿ ಇಬ್ಬರಿಗೆ ಕಿರಿಕಿರಿ ಮಾಡಿದ ಚಿತ್ರ ಹತ್ತೊಂಬತ್ತಕ್ಕೆ ನಿಂತು ಸೋಲುತ್ತದೆ. ಒಳ್ಳೆಯ ಸುದ್ದಿಚಿತ್ರದ ಸ್ವಭಾವವೇ ಯಾರಿಗಾದರೂ ಕಿರಿಕಿರಿ ಮಾಡುವುದಾಗಿರುವಾಗ, ಮೊತ್ತವನ್ನೇ ನೆಚ್ಚಿಕೊಂಡ ಮಂಡಳಿ ಪ್ರತಿ ವರ್ಷವೂ ಯಾರನ್ನೂ ನೋಯಿಸದ ಸಾಧಾರಣ ಚಿತ್ರಕ್ಕೇ ಮೊದಲ ಸ್ಥಾನ ಕೊಡುತ್ತ ಹೋಗುತ್ತದೆ.

ನಮ್ಮ ಮಂಡಳಿಯಲ್ಲಿ ಐವರಿದ್ದೆವು. ಇಬ್ಬರು ಕ್ಷೇತ್ರದಲ್ಲಿ ದುಡಿದ ಛಾಯಾಗ್ರಾಹಕರು, ಒಬ್ಬರು ಪತ್ರಿಕೆಯ ಡೆಸ್ಕಿನಲ್ಲಿ ಬಹುಕಾಲ ಚಿತ್ರ ಆರಿಸಿದವರು, ಒಬ್ಬರು ಚಿತ್ರದ ಕಡತಗಳನ್ನು ಪರೀಕ್ಷಿಸಬಲ್ಲ ತಂತ್ರಜ್ಞರು, ಐದನೆಯವರು ನಮ್ಮ ವೃತ್ತಿಗೆ ಸಂಬಂಧವೇ ಇಲ್ಲದೆ ಹಳ್ಳಿಗಳಲ್ಲಿ ಕೆಲಸ ಮಾಡಿದ ಹಿರಿಯ ಮಹಿಳೆ. ಇವರಲ್ಲದೆ ಮತ ಹಾಕುವ ಹಕ್ಕಿಲ್ಲದ ಕಾರ್ಯದರ್ಶಿಯೊಬ್ಬರಿದ್ದು, ನಿಯಮ ತಪ್ಪಿದಾಗ ನಮ್ಮನ್ನು ತಡೆಯುವುದೇ ಅವರ ಕೆಲಸವಾಗಿತ್ತು. ಛಾಯಾಗ್ರಾಹಕರಾದ ನಾವು ಚಿತ್ರ ಕಂಡೊಡನೆ ತೆಗೆದವನು ಎಲ್ಲಿ ನಿಂತಿದ್ದ, ಯಾವ ಲೆನ್ಸ್ ಹಾಕಿದ್ದ, ಪೊಲೀಸರ ಸಾಲು ದಾಟಿ ಹೇಗೆ ಒಳಗೆ ಹೋದ ಎಂದು ಯೋಚಿಸುತ್ತೇವೆ. ಪಟ್ಟ ಕಷ್ಟವನ್ನೇ ಚಿತ್ರದ ಗುಣವೆಂದು ಎಣಿಸುವ ಚಾಳಿ ನಮ್ಮಲ್ಲಿ ಬೇರೂರಿದೆ. ಆ ಹಿರಿಯರಾದರೋ ಒಂದು ಪ್ರವಾಹದ ಚಿತ್ರವನ್ನು ನಾವೆಲ್ಲ ಹೊಗಳುತ್ತಿದ್ದಾಗ, “ಸರ್, ಮಗು ಒಂದೇ ನೀರಿನಲ್ಲಿ ನಿಂತಿದೆಯಲ್ಲ, ಮನೆಯವರು ಎಲ್ಲಿ?” ಎಂದು ಕೇಳಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ, ಅಡಿಬರಹದಲ್ಲೂ ಇರಲಿಲ್ಲ. ಹಿಂದಿನ ಮುಂದಿನ ಫ್ರೇಮುಗಳನ್ನು ತರಿಸಿ ನೋಡಿದಾಗ ಮಗುವನ್ನು ಅಲ್ಲಿ ನಿಲ್ಲಿಸಿ ಚಿತ್ರ ತೆಗೆದದ್ದು ಸ್ಪಷ್ಟವಾಯಿತು. ವೃತ್ತಿಯ ಹೊರಗಿನವರೊಬ್ಬರಿಲ್ಲದ ತೀರ್ಪು ಮಂಡಳಿಯನ್ನು ನಾನು ಈಗ ಅರ್ಧ ಮಂಡಳಿ ಎಂದೇ ಎಣಿಸುತ್ತೇನೆ.

ಸ್ಪರ್ಧಿಗಳ ಹೆಸರನ್ನು ಮರೆಮಾಡುವುದು ಎಲ್ಲೆಡೆ ಇರುವ ನಿಯಮ. ಆದರೆ ಮುಖಪುಟದಲ್ಲಿ ಅಚ್ಚಾದ ಚಿತ್ರ ಯಾರದೆಂದು ನಮ್ಮ ರಾಜ್ಯದಲ್ಲಿ ಈ ವೃತ್ತಿಯವರಿಗೆಲ್ಲ ಗೊತ್ತಿರುತ್ತದೆ. ಆದ್ದರಿಂದ ಸ್ಪರ್ಧಿಯೊಡನೆ ಕೆಲಸದ ಅಥವಾ ನೆಂಟಸ್ತಿಕೆಯ ನಂಟು ಇರುವವರು ಅದನ್ನು ಮೊದಲೇ ತಿಳಿಸಿ, ಆ ಚಿತ್ರದ ಚರ್ಚೆ ಮುಗಿಯುವವರೆಗೆ ಹೊರಗಿರಬೇಕೆಂದು ನಿಯಮ ಮಾಡಿಕೊಂಡೆವು. ಮತ ಹಾಕದೆ ಸುಮ್ಮನೆ ಕುಳಿತಿರುವುದು ಸಾಲದು, ಎದುರಿಗೆ ಕುಳಿತವರ ಮುಖ ನೋಡಿಕೊಂಡು ಯಾರೂ ನಿಷ್ಠುರವಾಗಿ ಮಾತನಾಡುವುದಿಲ್ಲ.

ಮೊದಲ ಸುತ್ತು ಬೇಗ ಮುಗಿಯುತ್ತದೆ, ಬೇಗ ಮುಗಿಯಲೂ ಬೇಕು. ಇಲ್ಲಿ ‘ಇರಲಿ’ ಅಥವಾ ‘ಬೇಡ’ ಎಂಬ ಎರಡೇ ಮತಗಳಿದ್ದವು, ಒಬ್ಬರು ‘ಇರಲಿ’ ಎಂದರೂ ಚಿತ್ರ ಉಳಿಯುತ್ತಿತ್ತು. ಈ ಸುತ್ತಿನಲ್ಲಿ ತೀರ್ಪುಗಾರನಿಗೆ ಬೇಕಾದದ್ದು ಕಣ್ಣಿಗಿಂತ ನೆನಪು. ದಕ್ಷಿಣ ಕನ್ನಡ, ಉಡುಪಿಗಳ ಕಂಬಳದ ಚಿತ್ರಗಳು ಪ್ರತಿ ವರ್ಷ ರಾಶಿಯಾಗಿ ಬರುತ್ತವೆ: ಎದುರಿನಿಂದ ನುಗ್ಗಿ ಬರುವ ಜೋಡಿ ಕೋಣಗಳು, ಎರಡೂ ಕಡೆ ಚಿಮ್ಮಿದ ಕೆಸರುನೀರು, ಹಗ್ಗ ಹಿಡಿದು ಬಾಗಿದ ಓಟಗಾರ. ಮೊದಲ ಸಲ ನೋಡುವವರ ಮೈ ಜುಮ್ಮೆನ್ನುತ್ತದೆ, ಕರಾವಳಿಯಲ್ಲಿ ಕೆಲಸ ಮಾಡಿದ ತೀರ್ಪುಗಾರನಿಗೆ ಅದೇ ಜಾಗ, ಅದೇ ಲೆನ್ಸ್, ಅದೇ ಕ್ಷಣ ಎನಿಸಿ ಆಕಳಿಕೆ ಬರುತ್ತದೆ. ಮೈಸೂರು ದಸರೆಯ ಅಂಬಾರಿ, ಹೋಳಿಯ ಬಣ್ಣ ಬಳಿದ ಮುಖಗಳು, ಬಿರುಕುಬಿಟ್ಟ ಕೆರೆಯಂಗಳದಲ್ಲಿ ಆಕಾಶ ನೋಡುವ ರೈತ, ಇವೆಲ್ಲ ಇದೇ ಜಾತಿಯವು. ಆ ರೈತನನ್ನು ಆಕಾಶ ನೋಡಲು ಹೇಳಿದ್ದು ಯಾರೆಂದು ನಮಗೆಲ್ಲ ಗೊತ್ತು! ಒಂದೇ ಪ್ರದೇಶದವರೇ ತುಂಬಿದ ಮಂಡಳಿಗೆ ಇನ್ನೊಂದು ಪ್ರದೇಶದ ಸವಕಲು ಚಿತ್ರ ಅಪೂರ್ವವಾಗಿ ಕಾಣುತ್ತದೆ. ಹಾಗಾಗಿ ಕರಾವಳಿ, ಕಲ್ಯಾಣ ಕರ್ನಾಟಕ, ಹಳೇ ಮೈಸೂರು ಈ ಮೂರನ್ನೂ ಬಲ್ಲವರು ಮಂಡಳಿಯಲ್ಲಿರಬೇಕೆಂಬುದು ಪ್ರಾತಿನಿಧ್ಯದ ಔಪಚಾರಿಕತೆಗಾಗಿ ಹೇಳುವ ಮಾತಲ್ಲ.

ಎರಡನೆಯ ಸುತ್ತಿನಲ್ಲಿ ಅಡಿಬರಹವನ್ನು ಓದಲು ತೊಡಗುತ್ತೇವೆ. ಸುದ್ದಿಚಿತ್ರ ಸ್ಪರ್ಧೆಯ ತೀರ್ಪುಗಾರ ನೋಡುವಷ್ಟೇ ಓದಬೇಕಾಗುತ್ತದೆ ಎಂಬುದು ನನಗೆ ಅರ್ಥವಾದದ್ದು ಇಲ್ಲಿಯೇ. 2018ರ ಕೊಡಗಿನ ಭೂಕುಸಿತ, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ನೆರೆ, ಇಂಥ ವಿಪತ್ತುಗಳ ಚಿತ್ರಗಳಿಗೆ ‘ಕಣ್ಣೀರ ಕಡಲು’, ‘ಮುನಿದ ವರುಣ’ ಎಂಬ ಬಗೆಯ ಎರಡೇ ಪದ ಬರೆದು ಕಳಿಸುವವರು ಬಹಳ ಮಂದಿ. ಊರು ಯಾವುದು, ತಾಲ್ಲೂಕು ಯಾವುದು, ಯಾವ ದಿನ, ಚಿತ್ರದಲ್ಲಿರುವವರು ಏನು ಮಾಡುತ್ತಿದ್ದಾರೆ ಎಂಬ ವಿವರವಿಲ್ಲದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ಸುದ್ದಿಯೆಂದು ನಂಬಲು ಆಧಾರವಿರುವುದಿಲ್ಲ. ಈ ಕಾವ್ಯದ ಗೀಳಿಗೆ ಛಾಯಾಗ್ರಾಹಕರನ್ನಷ್ಟೇ ದೂರುವುದು ಸರಿಯಲ್ಲ, ಅವರು ಕಳಿಸಿದ ವಿವರಗಳನ್ನು ತೆಗೆದುಹಾಕಿ ಪ್ರಾಸ ಕಟ್ಟುವವರು ನಮ್ಮ ಡೆಸ್ಕುಗಳಲ್ಲೂ ಇದ್ದಾರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಯಿರುವ, 1955ರಲ್ಲಿ ಆರಂಭವಾದ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆ 2015ರಲ್ಲಿ ಜೊವಾನಿ ತ್ರೊಯಿಲೊ ಅವರಿಗೆ ಕೊಟ್ಟಿದ್ದ ಬಹುಮಾನವನ್ನು ಹಿಂದಕ್ಕೆ ಪಡೆದದ್ದು ಇಂಥದೇ ಕಾರಣಕ್ಕೆ. ಬೆಲ್ಜಿಯಂನ ಶಾರ್ಲರುವಾ ನಗರದ ಕುರಿತ ಚಿತ್ರಮಾಲಿಕೆಯ ಒಂದು ಚಿತ್ರವನ್ನು ಆ ಊರಿನಲ್ಲಿ ತೆಗೆಯದೆ ಬ್ರಸೆಲ್ಸ್ ಪ್ರದೇಶದಲ್ಲಿ ತೆಗೆಯಲಾಗಿತ್ತು. ನಮ್ಮ ಮಂಡಳಿ ಅಡಿಬರಹ ಅಪೂರ್ಣವಾಗಿದ್ದವರಿಗೆ ಕಾರ್ಯದರ್ಶಿಯ ಮೂಲಕ ಒಂದು ಅವಕಾಶ ಕೊಟ್ಟು, ಆಗಲೂ ವಿವರ ಬಾರದಿದ್ದರೆ ಚಿತ್ರವನ್ನು ಕೈಬಿಡುತ್ತಿತ್ತು.

ಉಳಿದ ಚಿತ್ರಗಳ ಮೂಲ ಕಡತಗಳು ಆಮೇಲೆ ತಂತ್ರಜ್ಞರ ಬಳಿಗೆ ಹೋಗುತ್ತವೆ. ಅವರು ಸ್ಪರ್ಧೆಗೆ ಬಂದ ಚಿತ್ರವನ್ನೂ ಕ್ಯಾಮೆರಾದ ರಾ ಫೈಲನ್ನೂ (ಯಾವ ಸಂಸ್ಕರಣೆಯೂ ಆಗದ ಮೂಲ ಕಡತ) ಅಕ್ಕಪಕ್ಕ ತೆರೆದು, ಏನಾದರೂ ಅಳಿಸಲಾಗಿದೆಯೇ, ಸೇರಿಸಲಾಗಿದೆಯೇ, ಎಷ್ಟು ಕ್ರಾಪ್ ಮಾಡಲಾಗಿದೆ, ಬೆಳಕು ಬಣ್ಣಗಳನ್ನು ಎಲ್ಲಿಯವರೆಗೆ ಎಳೆಯಲಾಗಿದೆ ಎಂದು ನೋಡುತ್ತಾರೆ. ಅಳಿಸಿದ್ದು ಚಿಕ್ಕದೋ ದೊಡ್ಡದೋ ಎಂಬ ಪ್ರಶ್ನೆಯೇ ಬರಬಾರದು. 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಸ್ಟೆಪಾನ್ ರೂದಿಕ್ ಅವರ ಬಹುಮಾನಿತ ಚಿತ್ರ ಅನರ್ಹವಾದದ್ದು ಹಿನ್ನೆಲೆಯಲ್ಲಿ ಇಣುಕುತ್ತಿದ್ದ ಒಬ್ಬರ ಪಾದದ ತುಣುಕನ್ನು ತೆಗೆದುಹಾಕಿದ್ದಕ್ಕಾಗಿ. 2015ರಲ್ಲಿ ಅದೇ ಸ್ಪರ್ಧೆಯ ಅಂತಿಮಪೂರ್ವ ಸುತ್ತಿಗೆ ಬಂದಿದ್ದ ಚಿತ್ರಗಳಲ್ಲಿ ಶೇ 20ರಷ್ಟು ಹೀಗೆ ಹೊರಬಿದ್ದವು. ಬಣ್ಣದ ವಿಷಯ ಇಷ್ಟು ಸರಳವಾಗಿಲ್ಲ. 2013ರಲ್ಲಿ ಪಾಲ್ ಹಾನ್ಸೆನ್ ಅವರ ಗಾಜಾ ಶವಯಾತ್ರೆಯ ಚಿತ್ರ ನಕಲಿ ಎಂಬ ಆರೋಪ ಬಂದಾಗ ಸ್ವತಂತ್ರ ಪರಿಣತರು ಕಡತವನ್ನು ಪರಿಶೀಲಿಸಿ, ಬೆಳಕು ಬಣ್ಣಗಳನ್ನು ಹೊಂದಿಸಿದ್ದು ಬಿಟ್ಟರೆ ಚಿತ್ರ ಅಸಲಿಯೇ ಎಂದು ಹೇಳಿದರು. ನಮ್ಮಲ್ಲಿಯೂ ಹಗಲಿನ ಆಕಾಶವನ್ನು ಕಪ್ಪಾಗಿಸಿ ಬೆಂಕಿ ಅನಾಹುತವನ್ನು ರಾತ್ರಿಯದೆಂಬಂತೆ ತೋರಿಸಿದ ಚಿತ್ರ ಬಂದಿತ್ತು. ಯಾವುದನ್ನೂ ಅಳಿಸಿರಲಿಲ್ಲ, ಸೇರಿಸಿರಲೂ ಇಲ್ಲ, ಆದರೂ ಘಟನೆಯ ಹೊತ್ತನ್ನೇ ಬದಲಿಸಿದ ಕಾರಣ ಅದನ್ನು ಬಿಟ್ಟೆವು.

ಈ ಶಿಸ್ತಿಗೆ ಒಂದು ಅನ್ಯಾಯದ ಮುಖವೂ ಇದೆ. ತಾಲ್ಲೂಕು ಕೇಂದ್ರಗಳಲ್ಲಿ ಬಿಡಿ ಚಿತ್ರಗಳ ಸಂಭಾವನೆ ನಂಬಿ ದುಡಿಯುವವರು ಕ್ಯಾಮೆರಾವೇ ಸಂಸ್ಕರಿಸಿ ಕುಗ್ಗಿಸಿ ಕೊಡುವ ಜೆಪೆಗ್‌ನಲ್ಲೇ ತೆಗೆದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಕಾರ್ಡ್ ತುಂಬಿದಾಗ ಎಲ್ಲವನ್ನೂ ಅಳಿಸಿಬಿಡುತ್ತಾರೆ. ರಾ ಫೈಲ್ ಇಲ್ಲವೆಂದು ಅವರನ್ನು ತಳ್ಳಿದರೆ ಸ್ಪರ್ಧೆ ದೊಡ್ಡ ನಗರದ, ಕಾಯಂ ಸಂಬಳದ, ದುಬಾರಿ ಕ್ಯಾಮೆರಾದವರ ಪಾಲಾಗುತ್ತದೆ. ಹಾಗಾಗಿ ರಾ ಇಲ್ಲದವರು ಕ್ಯಾಮೆರಾದಿಂದ ಅಥವಾ ಮೊಬೈಲಿನಿಂದ ಬಂದ ಮೂಲ ಜೆಪೆಗ್ ಜೊತೆಗೆ ಅದರ ಹಿಂದಿನ ಮತ್ತು ಮುಂದಿನ ಫ್ರೇಮುಗಳನ್ನು ಕೊಡಬಹುದು ಎಂದು ನಿಯಮ ಸಡಿಲಿಸಿದೆವು. 2023ರ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನಲ್ಲಿ ಬೋರಿಸ್ ಎಲ್ಡಾಗ್ಸೆನ್ ತಮ್ಮ ಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ್ದಾಗಿ ತಿಳಿಸಿ ಬಹುಮಾನವನ್ನು ನಿರಾಕರಿಸಿದ ಮೇಲೆ ಈ ಅಕ್ಕಪಕ್ಕದ ಫ್ರೇಮುಗಳ ಬೆಲೆ ಇನ್ನೂ ಹೆಚ್ಚಿದೆ. ಒಂದು ಚಿತ್ರವನ್ನು ಹುಟ್ಟಿಸುವುದು ಸುಲಭ. ಜನ ಅತ್ತಿತ್ತ ಸರಿದಾಡಿದ, ಒಬ್ಬರು ಕಣ್ಣು ಮುಚ್ಚಿದ, ಇನ್ನೊಬ್ಬರು ಅಡ್ಡ ಬಂದ ಹಲವು ಫ್ರೇಮುಗಳನ್ನು ಒಂದಕ್ಕೊಂದು ಹೊಂದುವಂತೆ ಹುಟ್ಟಿಸುವುದು ಅಷ್ಟು ಸುಲಭವಲ್ಲ.

ಅಂತಿಮ ಸುತ್ತಿಗೆ ಬರುವಾಗ, ಉಳಿದ ಚಿತ್ರಗಳಿಗೆ ಅದುವರೆಗೆ ನಾವು ಕೊಟ್ಟಿದ್ದ ಅಂಕಗಳ ಪಟ್ಟಿಯನ್ನು ಕಾರ್ಯದರ್ಶಿ ಮುಚ್ಚಿಡುತ್ತಿದ್ದರು. ಮೊದಲು ಎಲ್ಲರೂ ಮಾತಿಲ್ಲದೆ ಚಿತ್ರಗಳನ್ನು ನೋಡುವುದು, ಆಮೇಲೆ ವಯಸ್ಸಿನಲ್ಲಿ ಕಿರಿಯರಾದವರು ಮೊದಲು ಮಾತನಾಡುವುದು, ಅಧ್ಯಕ್ಷರು ಕೊನೆಗೆ ಬಾಯಿ ತೆರೆಯುವುದು ನಮ್ಮ ಕ್ರಮವಾಗಿತ್ತು. ಹಿರಿಯರು “ಇದೇ ಚಿತ್ರ ಕಣಪ್ಪ” ಎಂದುಬಿಟ್ಟರೆ “ಅಲ್ಲ ಸರ್” ಎನ್ನುವವರು ನಮ್ಮಲ್ಲಿ ಕಡಿಮೆ. ಪ್ರತಿ ಚಿತ್ರದ ಪರವಾಗಿ ಒಬ್ಬರು, ವಿರುದ್ಧವಾಗಿ ಒಬ್ಬರು ಮಾತನಾಡಲೇಬೇಕೆಂಬ ಕಡ್ಡಾಯವೂ ಇತ್ತು. ಇಷ್ಟಪಟ್ಟ ಚಿತ್ರದ ವಿರುದ್ಧವೇ ವಾದಿಸುವ ಸರದಿ ಬಂದಾಗ ಅದರ ದೌರ್ಬಲ್ಯ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದು ನನಗೆ ಆಶ್ಚರ್ಯದ ವಿಷಯ.

ಒಂದು ವರ್ಷ ಮೊದಲ ಸ್ಥಾನಕ್ಕಾಗಿ ಎರಡು ಚಿತ್ರಗಳು ಎದುರಾದವು. ಅಂಕದಲ್ಲಿ ಬಹಳ ಮುಂದಿದ್ದದ್ದು ಶವಾಗಾರದ ಮುಂದೆ ಗೋಳಾಡುವ ಹೆಂಗಸಿನ ಚಿತ್ರ. ಹಿಂದುಳಿದಿದ್ದದ್ದು ಬರಗಾಲದ ಒಂದು ಹಳ್ಳಿಗೆ ನೀರಿನ ಟ್ಯಾಂಕರ್ ಬಂದಾಗಿನ ಚಿತ್ರ, ಕೊಡಗಳ ನೂಕುನುಗ್ಗಲನ್ನು ಎಷ್ಟು ಸಲ ನೋಡಿಲ್ಲ ಎಂದು ಹೆಚ್ಚಿನವರು ಮೂರು ಅಂಕ ಕೊಟ್ಟು ಮುಂದೆ ಹೋಗಿದ್ದರು. ಅದರ ಪರವಾಗಿ ಮಾತನಾಡಬೇಕಾದ ಡೆಸ್ಕಿನವರು ಚಿತ್ರವನ್ನು ಹಿಗ್ಗಿಸಿ ಎಡಮೂಲೆ ತೋರಿಸಿದರು. ಪೈಪಿಗಾಗಿ ಹೆಂಗಸರೂ ಮಕ್ಕಳೂ ತಳ್ಳಾಡುತ್ತಿದ್ದರೆ ಹಿಂದಿನ ಅರಳಿಕಟ್ಟೆಯ ಮೇಲೆ ಗಂಡಸರು ಇಸ್ಪೀಟಾಡುತ್ತ ಕುಳಿತಿದ್ದರು, ಅವರಲ್ಲಿ ಒಬ್ಬನಷ್ಟೇ ತಲೆಯೆತ್ತಿ ಟ್ಯಾಂಕರಿನ ಕಡೆ ನೋಡುತ್ತಿದ್ದ. ಒಂದೇ ಫ್ರೇಮಿನಲ್ಲಿ ಬರವೂ ಊರಿನ ವ್ಯವಸ್ಥೆಯೂ ಇತ್ತು, ನಾವು ಕೆಲವು ಸೆಕೆಂಡುಗಳಲ್ಲಿ ಅದನ್ನು ದಾಟಿದ್ದೆವು.

ಶವಾಗಾರದ ಚಿತ್ರದ ಚರ್ಚೆ ಇನ್ನೂ ದೀರ್ಘವಾಯಿತು. ದುಃಖವನ್ನು ತೋರಿಸಲೇಬಾರದು ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ. 1984ರ ಭೋಪಾಲ ದುರಂತದಲ್ಲಿ ಮಣ್ಣು ಮಾಡುತ್ತಿದ್ದ ಮಗುವಿನ ಮುಖವನ್ನು ಪಾಬ್ಲೊ ಬಾರ್ತಲೋಮ್ಯು ಮತ್ತು ರಘು ರಾಯ್ ಇಬ್ಬರೂ ತೆಗೆದರು, ಬಾರ್ತಲೋಮ್ಯು ಅವರ ಚಿತ್ರ ಆ ವರ್ಷದ ಶ್ರೇಷ್ಠ ಪತ್ರಿಕಾ ಛಾಯಾಚಿತ್ರವೆಂಬ ಮನ್ನಣೆ ಪಡೆಯಿತು. ಆ ಮಗುವಿನ ಮುಖವಿಲ್ಲದೆ ಭೋಪಾಲವನ್ನು ಜಗತ್ತು ಅಷ್ಟು ನೆನಪಿಡುತ್ತಿತ್ತೇ ಎಂಬ ವಾದ ನಮ್ಮಲ್ಲೂ ಬಂತು. ಆದರೆ ನಮ್ಮ ಎದುರಿಗಿದ್ದ ಚಿತ್ರ ಆ ಹೆಂಗಸಿನ ಅಳುವಿನ ಹೊರತು ಘಟನೆಯ ಕುರಿತು ಬೇರೇನನ್ನೂ ಹೇಳುತ್ತಿರಲಿಲ್ಲ, ಯಾವ ಆಸ್ಪತ್ರೆಯ ಮುಂದೆ ಬೇಕಾದರೂ ಯಾವ ದಿನ ಬೇಕಾದರೂ ಅಂಥ ಚಿತ್ರ ಸಿಗುತ್ತದೆ. ಮತ ಹಾಕಿದಾಗ ಟ್ಯಾಂಕರ್ ಚಿತ್ರಕ್ಕೆ ನಾಲ್ಕು, ಇದಕ್ಕೆ ಒಂದು. ಅಂಕಪಟ್ಟಿಯ ಪ್ರಕಾರ ನಡೆದಿದ್ದರೆ ಟ್ಯಾಂಕರ್ ಚಿತ್ರ ಮೊದಲ ಮೂರರಲ್ಲೂ ಇರುತ್ತಿರಲಿಲ್ಲ.

ಕಾನೂನಿನ ವಿಷಯದಲ್ಲಿ ಚರ್ಚೆಗೆ ಅವಕಾಶವಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಮು, ಪೋಕ್ಸೊ ಕಾಯ್ದೆಯ 23ನೇ ಕಲಮು, ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ಮಕ್ಕಳ ಮತ್ತು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಹಿರಂಗವಾಗದಂತೆ ಕಾಪಾಡುತ್ತವೆ. ಮುಖ ಮಸುಕಾಗಿಸಿದರೂ ಮನೆಯ ಬಾಗಿಲು, ಶಾಲೆಯ ಸಮವಸ್ತ್ರ ಕಾಣುವ ಚಿತ್ರಗಳನ್ನು ಕಾರ್ಯದರ್ಶಿಯೇ ಮೊದಲು ಬದಿಗಿಡುತ್ತಿದ್ದರು.

ಫಲಿತಾಂಶದ ಜೊತೆಗೆ ಪ್ರತಿ ಬಹುಮಾನಕ್ಕೂ ಕಾರಣ ತಿಳಿಸುವ ಟಿಪ್ಪಣಿಯನ್ನು ನಾವೇ ಬರೆದು ಸಹಿ ಮಾಡಿದೆವು, ಸಂಘಟಕರ ಕಚೇರಿಗೆ ಬಿಡಲಿಲ್ಲ. ಅಂತಿಮ ಸುತ್ತಿನಲ್ಲಿ ಬಿದ್ದವರು ಕೇಳಿದರೆ ಎರಡು ಸಾಲಿನ ಉತ್ತರ ಕೊಡುವ ಏರ್ಪಾಡನ್ನೂ ಮಾಡಿದೆವು. ಕೇಳಿದವರಲ್ಲಿ ಹೆಚ್ಚಿನವರು ತಾಲ್ಲೂಕುಗಳ ಹುಡುಗರು, ಅವರ ಪ್ರಶ್ನೆಗಳು ಬಹುಪಾಲು ಅಡಿಬರಹದ ಬಗ್ಗೆಯೇ ಇದ್ದವು. ಒಂದೇ ಮಂಡಳಿ ಬಹಳ ಕಾಲ ಕುಳಿತರೆ ಸ್ಪರ್ಧಿಗಳು ಅದರ ರುಚಿಗೆ ತಕ್ಕಂತೆ ಚಿತ್ರ ಕಳಿಸತೊಡಗುತ್ತಾರೆ, ಪೂರ್ತಿ ಬದಲಿಸಿದರೆ ರೂಢಿಸಿದ ಕ್ರಮಗಳು ಮರೆತುಹೋಗುತ್ತವೆ. ಹೀಗಾಗಿ ಐವರಲ್ಲಿ ಇಬ್ಬರನ್ನು ಉಳಿಸಿಕೊಂಡು ಮೂವರನ್ನು ಬದಲಿಸಬೇಕೆಂದು ಸಂಘಟಕರಿಗೆ ಬರೆದುಕೊಟ್ಟಿದ್ದೇನೆ, ಬದಲಿಸಬೇಕಾದ ಮೂವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.