ಅಟ್ಟದಲ್ಲಿ ಸಿಕ್ಕಿದ ಸ್ಟಫ್ ಮಾಡಿದ (ಸತ್ತ ಮೇಲೆ ಚರ್ಮ, ಗರಿ ಉಳಿಸಿಕೊಂಡು ಒಳಗೆ ತುಂಬಿಸಿಟ್ಟ) ಹಕ್ಕಿಯನ್ನು ಏನು ಮಾಡೋದು?

ಮೊದಲು, ಬರಿಗೈಯಲ್ಲಿ ಮುಟ್ಟಬೇಡಿ. ಹುಳು ಹಿಡಿಯದಿರಲಿ ಅಂತ ಹಿಂದಿನವರು ಚರ್ಮದ ಒಳಬದಿಗೆ ಆರ್ಸೆನಿಕ್ ಸೇರಿಸಿದ ಸೋಪು ಬಳಿಯುತ್ತಿದ್ದರು, ಆ ವಿಷ ನೂರು ವರ್ಷವಾದರೂ ಹೋಗುವುದಿಲ್ಲ, ಧೂಳಿನ ಜೊತೆ ಮೂಗಿಗೂ ಬರಬಹುದು. ಗ್ಲೌಸ್, ಎನ್95 ಮಾಸ್ಕ್ ಎರಡೂ ಬೇಕು. ಮೆತ್ತನೆ ಬ್ರಷ್‌ನಲ್ಲಿ ತಲೆಯಿಂದ ಬಾಲದ ಕಡೆಗೆ, ಗರಿ ಮಲಗಿದ ದಿಕ್ಕಿಗೇ ಸವರಿ. ಊದಬೇಡಿ, ಒದ್ದೆ ಬಟ್ಟೆ ಬೇಡ.

ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ, ಹೋದ ಬಣ್ಣ ವಾಪಸ್ ಬರಲ್ಲ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಬೇರೆ. ಗಾಜಿನ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಿ.

ಪೆಟ್ಟಿಗೆ ತಳದಲ್ಲಿ ಉದುರಿದ ಗರಿ, ಸಣ್ಣ ಪುಡಿ, ಮೈಮೇಲೆ ರೋಮವಿರುವ ಹುಳು ಕಳಚಿದ ಪೊರೆ ಕಂಡರೆ ಒಳಗೆ ಊಟ ನಡೆಯುತ್ತಿದೆ ಅಂತಲೇ ಅರ್ಥ! ಹುಳು ಸಾಯಬೇಕಾದರೆ ಹಕ್ಕಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಸುತ್ತಿ, ಅಡುಗೆ ಸಾಮಾನು ಇಡದ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದಿಡೀ ದಿನ ಕವರು ಬಿಚ್ಚಬೇಡಿ, ಇಲ್ಲದಿದ್ದರೆ ಗರಿಯ ಮೇಲೆಲ್ಲ ನೀರು ಕೂರುತ್ತದೆ.

ಇನ್ನು ಕಾನೂನು. ಕಾಡುಹಕ್ಕಿಯಾದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅಜ್ಜನಿಂದ ಬಂದಿದ್ದಾದರೆ ಮಾಲೀಕತ್ವದ ಪ್ರಮಾಣಪತ್ರ ಇದೆಯಾ ನೋಡಿ, ಇಲ್ಲದಿದ್ದರೆ ಸುಮ್ನೆ ಬಚ್ಚಿಡದೆ ಅರಣ್ಯ ಇಲಾಖೆಯವರನ್ನು ಕೇಳಿ. ಆನ್‌ಲೈನ್‌ನಲ್ಲಿ ನವಿಲು ಮಾರ್ತೀನಿ ಅನ್ನೋರ ಹತ್ತಿರ ಹೋಗಲೇಬೇಡಿ. ಹೊಸದು ಬೇಕೇ ಬೇಕಾ? ತಾನಾಗಿ ಸತ್ತ ನಾಟಿ ಹುಂಜದಿಂದ ಮಾಡಿಸಿ, ನನ್ನ ಕೇಳಿದರೆ ಅದರ ಬಾಲದ ಮುಂದೆ ಬೇರೆ ಹಕ್ಕಿ ಸಪ್ಪೆ.